ಬೆಳ್ಳಿ ಮರ ಮಾಡಿದವನು ಸೆರೆಯಾಳು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಮಂಗೋಲರ ಸಹಿಷ್ಣುತೆಯ ಬಗ್ಗೆ ಬಂದ ಲೇಖನ ಓದಿದೆ. ಅವರ ರಾಜಧಾನಿ ಕರಾಕೊರಮ್‌ನಲ್ಲಿ ಎಲ್ಲ ಧರ್ಮದವರಿಗೂ ಜಾಗವಿತ್ತು ಎಂಬುದು ಸುಳ್ಳಲ್ಲ. 1254ರಲ್ಲಿ ಅಲ್ಲಿದ್ದ ರುಬ್ರುಕ್‌ನ ವಿಲಿಯಂ ಎಂಬ ಪಾದ್ರಿ 12 ವಿಗ್ರಹ ದೇಗುಲ, ಎರಡು ಮಸೀದಿ, ಒಂದು ಚರ್ಚು ಇದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ಲೇಖಕರು ಬಾಯ್ತುಂಬ ಹೊಗಳಿದ, ಮಂಗೋಲ ದೊರೆ ಖಾನನ ಅರಮನೆಯಲ್ಲಿ ಮದ್ಯ ಸುರಿಸುತ್ತಿದ್ದ ಬೆಳ್ಳಿ ಮರದ ವಿಚಾರದಲ್ಲಿ, ಬೆಳ್ಳಿ ಕೆಲಸದಲ್ಲೇ ಕೂದಲು ಹಣ್ಣಾದ ನನಗೂ ಹೇಳುವುದಿದೆ.

ಅದನ್ನು ಮಾಡಿದವನು ಪ್ಯಾರಿಸ್ಸಿನ ಅಕ್ಕಸಾಲಿಗ ಗಿಯೋಮ್ ಬೂಷೆ. ಬುಡದಲ್ಲಿ ನಾಲ್ಕು ಬೆಳ್ಳಿ ಸಿಂಹ, ಅವುಗಳ ಬಾಯಿಂದ ಕುದುರೆ ಹಾಲು. ಮೇಲಿನಿಂದ ಬಾಗಿದ ಕೊಳವೆಗಳಲ್ಲಿ ದ್ರಾಕ್ಷಿಯದು, ಜೇನಿನದು, ಅಕ್ಕಿಯದು ಎಂದು ಬಗೆಬಗೆಯ ಮದ್ಯ. ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಕಹಳೆ ಊದಿಸಲು ಮೊದಲು ತಿದಿ ಇಟ್ಟನಂತೆ, ಗಾಳಿ ಸಾಲಲಿಲ್ಲ. ಕೊನೆಗೆ ಮರದಡಿಯ ಪೊಟರೆಯಲ್ಲಿ ಒಬ್ಬ ಆಳನ್ನು ಅಡಗಿಸಿ ಕೂರಿಸಿ ಊದಿಸಿದ. (ಈ ಪಡಿಪಾಟಲು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.) ಇಷ್ಟೆಲ್ಲ ಮಾಡಿದ ಬೂಷೆ ಅಲ್ಲಿಗೆ ಕೆಲಸ ಹುಡುಕಿಕೊಂಡು ಹೋದವನಲ್ಲ. ಮಂಗೋಲರು ಹಂಗೇರಿಯ ಮೇಲೆ ದಂಡೆತ್ತಿ ಹೋದಾಗ ಬೆಲ್‌ಗ್ರೇಡ್‌ನಲ್ಲಿ ಹಿಡಿದು ಒಯ್ದಿದ್ದರು.

1221ರಲ್ಲಿ ಮಧ್ಯ ಏಷ್ಯಾದ ಮರ್ವ್ ಪಟ್ಟಣದ ಜನರನ್ನು ಬಯಲಿಗೆ ಹೊರಡಿಸಿ, 400 ಕುಶಲಕರ್ಮಿಗಳನ್ನೂ ಕೆಲವು ಮಕ್ಕಳನ್ನೂ ಬೇರೆ ಮಾಡಿ, ಉಳಿದವರನ್ನು ಕಡಿದರು. ಹೀಗೆಂದು ಬರೆದ ಪರ್ಷಿಯಾದ ಇತಿಹಾಸಕಾರ ಜುವೈನಿ ಮಂಗೋಲರ ಶತ್ರುವಲ್ಲ, ಅವರ ಕೈಕೆಳಗೇ ಅಧಿಕಾರಿಯಾಗಿದ್ದವನು. ಸತ್ತವರ ಸಂಖ್ಯೆಯನ್ನು ಆತ ಹಿಗ್ಗಿಸಿದ್ದಾನೆ, ಒಪ್ಪೋಣ. ಕೈಕಸುಬು ನೋಡಿ ಜೀವ ಉಳಿಸುತ್ತಿದ್ದರು ಎಂಬುದಂತೂ ಊರೂರಿನ ಕಥೆ. ನನ್ನಂಥವನು ಬದುಕಿಕೊಳ್ಳುತ್ತಿದ್ದೆನೇನೋ, ಪಕ್ಕದ ಅಂಗಡಿಯ ದಿನಸಿಯವರ ಗತಿ?

ಧರ್ಮದ ವಿಷಯದಲ್ಲೂ ಲೆಕ್ಕ ಇದೇ. ಬೌದ್ಧ ಭಿಕ್ಷು, ಚೀನಾದ ದಾವೋ ಪಂಥದ ಗುರು, ಪಾದ್ರಿ, ಮುಲ್ಲಾ ಎಲ್ಲರಿಗೂ ತೆರಿಗೆ ಮಾಫಿ ಸಿಕ್ಕಿತು. ಬದಲಿಗೆ ಅವರೆಲ್ಲ ಖಾನನ ಆಯಸ್ಸಿಗಾಗಿ ಪ್ರಾರ್ಥಿಸಬೇಕಿತ್ತು. ಔತಣದಲ್ಲಿ ಮುಸ್ಲಿಂ ವರ್ತಕರು ತನ್ನ ಅಡುಗೆ ಮುಟ್ಟಲಿಲ್ಲವೆಂದು ಕೆರಳಿದ ಮಂಗೋಲ ಚಕ್ರವರ್ತಿ ಕುಬ್ಲಾಯ್ ಖಾನ್ 1280ರಲ್ಲಿ ಹಲಾಲ್ ಪದ್ಧತಿಯನ್ನೇ ನಿಷೇಧಿಸಿದ, ಮೀರಿದವರಿಗೆ ಮರಣದಂಡನೆ. ಕೆಲವು ವರ್ಷಗಳ ಮೇಲೆ ಆ ಆಜ್ಞೆ ಹಿಂದಕ್ಕೆ ಹೋಯಿತು. ಆತನ ಮನಸ್ಸು ಕರಗಿ ಅಲ್ಲ, ವರ್ತಕರು ಬರುವುದು ನಿಂತು ಸುಂಕ ಇಳಿದುಹೋಗಿದ್ದರಿಂದ.

— ಒಬ್ಬ ಬೆಳ್ಳಿ ಕೆಲಸಗಾರ, ಸಾಗರ