ಬೈಕ್ ತೊಳೆಯುವಾಗ ಅವಸರ ಬೇಡ

ಮಾನ್ಯರೇ,

ಮಳೆಗಾಲದ ಕೆಮ್ಮಣ್ಣು ಮಡ್‌ಗಾರ್ಡಿನ ಒಳಗೆಲ್ಲ ಮೆತ್ತಿಕೊಳ್ಳುವುದರಿಂದಲೂ ಕಡಲ ಗಾಳಿಯ ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದಲೂ ಮಲ್ಪೆ, ಉಡುಪಿ ಕಡೆಯವರು ಬೈಕನ್ನು ಆಗಾಗ ಮನೆಯಂಗಳದಲ್ಲೇ ತೊಳೆಯುವುದು ಸಹಜ. ಆದರೆ ಕಾದ ಇಂಜಿನಿಗೆ ತಣ್ಣೀರು ಸುರಿಯದೆ ಅರ್ಧ ಗಂಟೆಯಾದರೂ ಆರಲು ಬಿಟ್ಟು, ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ (ಅದನ್ನು ಬಿಚ್ಚಲು ಮರೆತು ನಾನೊಮ್ಮೆ ಕಿಕ್ ಹೊಡೆದು ಸುಸ್ತಾದದ್ದುಂಟು), ಬರೀ ನೀರಿನಲ್ಲಿ ಕೆಸರು ಇಳಿಸಿದ ಮೇಲೆಯೇ ಶಾಂಪೂ ಬಟ್ಟೆ ಮುಟ್ಟಿಸಬೇಕು. ಇಲ್ಲವಾದರೆ ಮರಳಿನ ಕಣ ಟ್ಯಾಂಕಿನ ಬಣ್ಣವನ್ನು ಗೀರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು, ಇಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತ ಚೈನ್ ಒರೆಸುವ ಅಭ್ಯಾಸ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಹೋಗುತ್ತದೆ. ಇಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಚೈನಿಗೆ ಬಿಡುವ ಎಣ್ಣೆ ಬ್ರೇಕ್ ಡಿಸ್ಕಿಗೆ ತಾಗಬಾರದು. ಒದ್ದೆ ಬ್ರೇಕ್ ಸರಿಯಾಗಿ ಹಿಡಿಯದ ಕಾರಣ, ರಸ್ತೆಗಿಳಿಯುವ ಮುನ್ನ ಅಂಗಳದಲ್ಲೇ ನಿಧಾನವಾಗಿ ಓಡಿಸಿ ನಾಲ್ಕಾರು ಬಾರಿ ಒತ್ತಿ ನೋಡುವುದು ಒಳಿತು.

– ಓದುಗ, ಉಡುಪಿ