‘ಒಂದು ಪ್ಯಾರಾ ಓದಿ ತೋರಿಸಲಿ’: ಕಲಿಕಾ ಬೆಂಬಲದ ಶುಲ್ಕ ವಸೂಲಿ ಮಾಡುವ ಶಾಲೆಗೊಂದು ದೂರು ಪತ್ರ

ಗೆ,
ಪ್ರಾಂಶುಪಾಲರು ಹಾಗೂ ಆಡಳಿತ ಮಂಡಳಿಯ ಕಾರ್ಯದರ್ಶಿಗಳು,
(ಶಾಲೆಯ ಹೆಸರು ಲಕೋಟೆಯ ಮೇಲಿದೆ), ಬೆಂಗಳೂರು.

ವಿಷಯ: ಡಿಸ್‌ಲೆಕ್ಸಿಯಾ (ಅಕ್ಷರ ಬಿಡಿಸಿ ಓದಲು ಕಷ್ಟ) ಮತ್ತು ಡಿಸ್‌ಗ್ರಾಫಿಯಾ (ಬರೆಯಲು ಕಷ್ಟ) ಇರುವ ಎಂಟನೇ ತರಗತಿ ವಿದ್ಯಾರ್ಥಿಗೆ ಪರೀಕ್ಷಾ ಸೌಲಭ್ಯ ನಿರಾಕರಿಸಿದ್ದು, ನಡೆಯದ ಪೀರಿಯಡ್‌ಗಳಿಗೆ ಶುಲ್ಕ ಪಡೆದದ್ದು ಮತ್ತು ಕಳೆದ ಗುರುವಾರ ನಿಮ್ಮ ರಿಸೆಪ್ಷನ್‌ನಲ್ಲಿ ನಡೆದದ್ದು.

ಉಲ್ಲೇಖ: ನಾಲ್ಕು ಇಮೇಲ್, ಆರು ಫೋನ್ ಕರೆ, ಒಂದು ಸಭೆ. ನಿಮ್ಮಿಂದ ಬಂದ ಲಿಖಿತ ಉತ್ತರ: ಒಂದೂ ಇಲ್ಲ.

ಮಾನ್ಯರೇ,

ಮಗುವಿನ ತಂದೆತಾಯಿಯ ಲಿಖಿತ ಅನುಮತಿ ಪಡೆದು, ಅವರ ಜೊತೆ ಸಭೆಗೆ ಬಂದಿದ್ದವರು ಈ ಪತ್ರ ಬರೆಯುತ್ತಿದ್ದೇವೆ. ಕಾನೂನು ಪಾಠ ಮಾಡುವ ಉದ್ದೇಶವಿಲ್ಲ. ನಿಮ್ಮ ಪ್ರಾಸ್ಪೆಕ್ಟಸ್‌ನ ಮೂರನೇ ಪುಟದಲ್ಲೇ ‘ಸಮನ್ವಯ ಶಿಕ್ಷಣ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ, ವಿಕಲಚೇತನರ ಹಕ್ಕುಗಳ ಕಾಯ್ದೆ 2016 ನಿಮಗೆ ಗೊತ್ತಿದೆ ಎಂದೇ ನಂಬಿದ್ದೇವೆ. ಹಣ, ಪರೀಕ್ಷೆ, ಗುರುವಾರ: ಇಷ್ಟಕ್ಕೆ ಉತ್ತರ ಬೇಕು.

ಮೊದಲು ಹಣ. ‘ಲರ್ನಿಂಗ್ ಸಪೋರ್ಟ್’ ಎಂದು ತಿಂಗಳಿಗೆ 4,500 ರೂಪಾಯಿ ಪಡೆಯುತ್ತೀರಿ. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಎಂದು ಒಪ್ಪಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ರಜೆ ಕಳೆದು, 30 ಪೀರಿಯಡ್ ಆಗಬೇಕಿತ್ತು. ಮಗುವಿನ ಡೈರಿಯ ಪ್ರಕಾರ ಆದದ್ದು 11. ಉಳಿದ 19ರಲ್ಲಿ ಎಂಟು ಸಲ ಸ್ಪೆಷಲ್ ಎಜುಕೇಟರ್‌ರನ್ನು (ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕರನ್ನು) ರಜೆ ಹಾಕಿದ ಬೇರೆ ಶಿಕ್ಷಕರ ಕ್ಲಾಸಿಗೆ ಕಳಿಸಿದಿರಿ, ಐದು ಸಲ ಕ್ರೀಡಾಕೂಟದ ಅಭ್ಯಾಸ, ಆರಕ್ಕೆ ಕಾರಣವೇ ಇಲ್ಲ. ನಡೆದ 11ರಲ್ಲೂ ಏಳು ಪಿ.ಟಿ. ಪೀರಿಯಡ್ ಕಿತ್ತುಕೊಂಡು ನಡೆದವು. ದಿನವಿಡೀ ಅಕ್ಷರಗಳ ಜೊತೆ ಗುದ್ದಾಡುವ ಹುಡುಗನಿಗೆ ಮೈದಾನದಲ್ಲಿ ಸಿಗುವ ಗಂಟೆಯೂ ಹೋಯಿತು. ನಾಲ್ಕು ತಿಂಗಳ 18,000 ರೂಪಾಯಿಯನ್ನು 30ರಿಂದ ಭಾಗಿಸಿದರೆ ಪೀರಿಯಡ್‌ಗೆ 600. ನಡೆಯದ 19ಕ್ಕೆ 11,400 ವಾಪಸ್ ಕೊಡಿ. ಮಾನ್ಯತೆ ಪಡೆದ ಶಾಲೆ ಈ ಬೆಂಬಲಕ್ಕೆ ಬೇರೆ ಶುಲ್ಕ ವಿಧಿಸಬಹುದೇ ಎನ್ನುವುದನ್ನು ನಿಮ್ಮಲ್ಲಿ ಕೇಳುವುದಿಲ್ಲ, ಕೇಳಬೇಕಾದ ಕಡೆ ಕೇಳುತ್ತೇವೆ.

ಇಡೀ ಶಾಲೆಗೆ ಇರುವವರು ಒಬ್ಬರೇ ಸ್ಪೆಷಲ್ ಎಜುಕೇಟರ್. ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಅಗತ್ಯವಿರುವ ಪ್ರಾಥಮಿಕ ಹಂತದ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಇರುವ ಒಬ್ಬರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ‘ಅದು ಗೌಪ್ಯ’ ಎಂಬ ಉತ್ತರ ಬಂತು. ಆ ಮಂಡಳಿಯ ರಿಜಿಸ್ಟರ್ ಇರುವುದೇ ಜನ ನೋಡಲಿ ಎಂದು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯ ಮೇಲೇ ಅಚ್ಚು ಹಾಕಿಸುತ್ತಾರೆ, ಯಾರೂ ಬಚ್ಚಿಡುವುದಿಲ್ಲ.

ಐಇಪಿ, ಅಂದರೆ ಈ ಮಗುವಿಗೆಂದೇ ಬರೆಯಬೇಕಾದ ಕಲಿಕಾ ಯೋಜನೆ, ನಿಮ್ಮಲ್ಲಿ ಒಂದು ಪುಟ. ಮೂರು ಅವಧಿಗೂ ಅದೇ ಪುಟ, ಮೇಲಿನ ದಿನಾಂಕ ಮಾತ್ರ ಬೇರೆ. ಗುರಿ: ‘ಓದುವ ಸಾಮರ್ಥ್ಯ ಸುಧಾರಿಸುವುದು.’ ಎಷ್ಟರಿಂದ ಎಷ್ಟಕ್ಕೆ? ಅಳೆಯುವವರು ಯಾರು, ಯಾವಾಗ? ‘ಹಿಂದೆ ನೋಡಿರದ 100 ಪದಗಳ ಪಠ್ಯದಲ್ಲಿ ಈಗ 22 ತಪ್ಪು, ಡಿಸೆಂಬರ್ ಹೊತ್ತಿಗೆ 12, ಹದಿನೈದು ದಿನಕ್ಕೊಮ್ಮೆ ಹೊಸ ಪಠ್ಯ ಕೊಟ್ಟು ಎಣಿಕೆ’ ಎಂದು ಬರೆದಿದ್ದರೆ ಅದು ಗುರಿ. ನಿಮ್ಮದು ಹೊಸ ವರ್ಷದ ಶುಭಾಶಯ ಪತ್ರ.

ಇನ್ನು ಅರ್ಧವಾರ್ಷಿಕ ಪರೀಕ್ಷೆ. ಡಿಸ್‌ಲೆಕ್ಸಿಯಾ ಮತ್ತು ಡಿಸ್‌ಗ್ರಾಫಿಯಾ ಇವೆ ಎಂಬ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಜೂನ್‌ನಿಂದ ನಿಮ್ಮ ಫೈಲಿನಲ್ಲಿದೆ. ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷ, ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ ಎನ್ನುವುದು ಸಿಬಿಎಸ್‌ಇ ಶಾಲೆಯಾದ ನಿಮಗೆ ಹೊಸದಲ್ಲ. ಕೊಟ್ಟದ್ದು 15 ನಿಮಿಷ, ಅದೂ ಕಾರಿಡಾರಿನ ಬೆಂಚಿನ ಮೇಲೆ, ಬಸ್ಸಿಗೆ ಹೊರಟ ಇನ್ನೂರು ಮಕ್ಕಳ ಗದ್ದಲದ ಮಧ್ಯೆ. ಲಿಪಿಕಾರರನ್ನು (ಮಗು ಹೇಳಿದ ಉತ್ತರವನ್ನು ಬರೆದುಕೊಡುವವರನ್ನು) ಕೊಡಲಿಲ್ಲ. ‘ಪೆನ್ ಹಿಡಿಯೋಕೆ ಬರುತ್ತಲ್ಲ’ ಎಂದರಂತೆ.

‘ಇದೆಲ್ಲ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಮಾತ್ರ’ ಎಂಬುದು ನಿಮ್ಮ ಕೋಆರ್ಡಿನೇಟರ್ ವಾದ. ಹೆಚ್ಚುವರಿ ಸಮಯ, ಲಿಪಿಕಾರರು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿಯನ್ನು ಹೇಳುವ, 2016ರ ಆ ಕಾಯ್ದೆಯ ಸೆಕ್ಷನ್ 17ರಲ್ಲಿ ಹತ್ತನೇ ಕ್ಲಾಸಿನ ಹೆಸರೇ ಇಲ್ಲ. ಕಾನೂನು ಬದಿಗಿರಲಿ, ಲಿಪಿಕಾರರಿಗೆ ಹೇಳಿ ಬರೆಸುವುದೂ ಕಲಿತು ಬರುವ ಕೆಲಸ. ಗಣಿತದಲ್ಲಿ ಮಗು ‘ಎಕ್ಸ್ ಪ್ಲಸ್ ಮೂರು ಸ್ಕ್ವೇರ್’ ಎಂದರೆ ಲಿಪಿಕಾರರು ಮೂರಕ್ಕೆ ಮಾತ್ರ ವರ್ಗ ಹಾಕುತ್ತಾರೆ. ‘ಬ್ರಾಕೆಟ್ ತೆರೆಯಿರಿ, ಎಕ್ಸ್ ಪ್ಲಸ್ ಮೂರು, ಬ್ರಾಕೆಟ್ ಮುಚ್ಚಿ, ಇಡೀ ಸ್ಕ್ವೇರ್’ ಎಂದು ಹೇಳುವುದು ನಾಲಿಗೆಗೆ ಬರಬೇಕು. ಉತ್ತರ ಹೇಳುವ ಮೊದಲು ಅಂಶಗಳನ್ನು ಬೆರಳಲ್ಲಿ ಎಣಿಸಿಕೊಳ್ಳುವುದು, ಬರೆದದ್ದನ್ನು ಮತ್ತೆ ಓದಿಸಿಕೊಳ್ಳುವುದು, ಚಿತ್ರದ ಭಾಗಗಳಿಗೆ ಹೆಸರು ಹೇಳುವುದು, ಇಷ್ಟು ಪಳಗಲು ಪರಿಚಯದ ಲಿಪಿಕಾರರ ಜೊತೆ ಕನಿಷ್ಠ ನಾಲ್ಕೈದು ಅಭ್ಯಾಸ ಪತ್ರಿಕೆ ಬೇಕು. ಎಂಟರಲ್ಲಿ ಶುರುವಾಗದಿದ್ದರೆ ಬೋರ್ಡ್ ಪರೀಕ್ಷೆಯ ದಿನ ಇಬ್ಬರು ಅಪರಿಚಿತರನ್ನು ಒಂದು ಬೆಂಚಿನಲ್ಲಿ ಕೂರಿಸಿದಂತಾಗುತ್ತದೆ.

ಈಗ ಗುರುವಾರದ ವಿಷಯ. ಅದನ್ನು ಬಿಡದೆ ಬರೆಯುತ್ತೇವೆ, ಏಕೆಂದರೆ ನಡಾವಳಿ ಬರೆದುಕೊಳ್ಳಿ ಎಂದಾಗ ‘ಇದು ಅನೌಪಚಾರಿಕ’ ಎಂದವರು ನೀವು.

ಸಮಯ 9.30 ಎಂದಿದ್ದಿರಿ, ಕರೆದದ್ದು 10.50ಕ್ಕೆ. ಒಳಗಡೆ ಕೋಣೆ ಖಾಲಿಯಿಲ್ಲವೆಂದು ರಿಸೆಪ್ಷನ್‌ನ ಸೋಫಾದಲ್ಲೇ ಸಭೆ. ಎದುರಿನ ಸೋಫಾದಲ್ಲಿ ಅಡ್ಮಿಷನ್ ವಿಚಾರಿಸಲು ಬಂದಿದ್ದ ಎರಡು ಕುಟುಂಬ, ಬಾಗಿಲಲ್ಲಿ ಕೊರಿಯರ್ ಹುಡುಗ. ಕೋಆರ್ಡಿನೇಟರ್ ಪ್ರಮಾಣಪತ್ರವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ನಕಲಿ ನೋಟು ಪರೀಕ್ಷಿಸುವವರ ಹಾಗೆ. ‘ಹೊಸದು ತನ್ನಿ, ಪ್ರತಿ ವರ್ಷ ಬೇಕು’ ಎಂದರು. 2018ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಕಲಿಕಾ ನ್ಯೂನತೆಗೆ 8, 14 ಮತ್ತು 18ನೇ ವಯಸ್ಸಿನಲ್ಲಿ ಪ್ರಮಾಣೀಕರಣ ಎಂದಿತ್ತು, ವರ್ಷಕ್ಕೊಂದು ಎಂದಿರಲಿಲ್ಲ ಎಂದೆವು. ಅದೇ ಮಾರ್ಗಸೂಚಿಯಲ್ಲಿ, ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿಗೆ ಶಾಲೆಯೇ ಮಕ್ಕಳನ್ನು ತಪಾಸಿಸಬೇಕು, ಪ್ರಾಂಶುಪಾಲರೇ ಆ ಸಮಿತಿಯ ಮುಖ್ಯಸ್ಥರು ಎಂದೂ ಇತ್ತು. ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದೇ ಮಾತು ಬದಲಾಯಿತು.

ಶೆಲ್ಫಿನಿಂದ ನಾಲ್ಕನೇ ತರಗತಿಯ ಇಂಗ್ಲಿಷ್ ರೀಡರ್ ಬಂತು. ‘ಒಂದು ಪ್ಯಾರಾ ಓದಿ ತೋರಿಸಲಿ, ನಮಗೂ ಗೊತ್ತಾಗಲಿ.’ ತಾಯಿ ‘ಇಲ್ಲಿ ಬೇಡ ಮೇಡಂ’ ಎಂದರು. ‘ಯಾಕೆ, ಮನೇಲಿ ಓದಲ್ವಾ?’ ಹುಡುಗ ಎದ್ದು ನಿಂತ. ಅವನಿಗೆ ಯಾರೂ ಎದ್ದು ನಿಲ್ಲು ಎಂದಿರಲಿಲ್ಲ.

ಪಾಠ, ಕಾಗೆ ಮತ್ತು ಹೂಜಿಯ ಕಥೆ. ಎಂಟು ಸಾಲು, ಎರಡು ನಿಮಿಷ ಹತ್ತು ಸೆಕೆಂಡ್. ಎದುರಿನ ಸೋಫಾದ ಮಗು ನಕ್ಕಿತು, ಅದರ ತಾಯಿ ಕೈ ಹಿಡಿದು ಸುಮ್ಮನಿರಿಸಿದರು. ಆ ಹೆಂಗಸಿಗೆ ಇದ್ದ ಸೂಕ್ಷ್ಮ ನಿಮ್ಮ ಸಿಬ್ಬಂದಿಗೆ ಇರಲಿಲ್ಲ. ಓದು ಮುಗಿದ ಮೇಲೆ ಪುಸ್ತಕ ಮುಚ್ಚಿ ಕೋಆರ್ಡಿನೇಟರ್ ಎಂದದ್ದು: ‘ಓದ್ತಾನಲ್ಲ! ಸೋಮಾರಿತನ ಅಷ್ಟೇ. ಇಂಥವರಿಗೆ ಟೈಮ್ ಕೊಟ್ಟರೆ ಕಷ್ಟಪಟ್ಟು ಓದೋ ಮಕ್ಕಳಿಗೆ ಅನ್ಯಾಯ.’

ಪುಸ್ತಕದಲ್ಲಿ ಅಚ್ಚಾಗಿದ್ದ ಪದ ‘ಪೆಬಲ್ಸ್’. ಅವನು ಓದಿದ್ದು ‘ಸ್ಟೋನ್ಸ್’. ಮೂರು ಸಲವೂ. ಬೆರಳು ಐದನೇ ಸಾಲಿಗೆ ಇಳಿದಿದ್ದಾಗ ಬಾಯಿ ಇನ್ನೂ ನಾಲ್ಕನೆಯದರಲ್ಲಿತ್ತು. ಅವನು ಓದುತ್ತಿರಲಿಲ್ಲ, ಗೊತ್ತಿದ್ದ ಕಥೆ ಹೇಳುತ್ತಿದ್ದ. ಅಕ್ಷರ ಬಿಡಿಸಲಾಗದ ಜಾಣ ಮಕ್ಕಳು ಅರ್ಥ ಊಹಿಸಿ ಪದ ತುಂಬುತ್ತಾರೆ, ಡಿಸ್‌ಲೆಕ್ಸಿಯಾದಲ್ಲಿ ಇದು ಮಾಮೂಲು. ಅದಕ್ಕೇ ಪರೀಕ್ಷಿಸುವವರು ಪರಿಚಯವಿಲ್ಲದ ಪಠ್ಯ, ಅರ್ಥವಿಲ್ಲದ ಪದಗಳ ಪಟ್ಟಿ ಎರಡನ್ನೂ ಓದಿಸುತ್ತಾರೆ. ನಿಮ್ಹಾನ್ಸ್ ಪರೀಕ್ಷಾ ಮಾಲಿಕೆಯಿಂದ ತಜ್ಞರು ಪತ್ತೆ ಮಾಡಿದ್ದನ್ನು ಎರಡು ನಿಮಿಷದಲ್ಲಿ ಸುಳ್ಳೆಂದು ತೀರ್ಮಾನಿಸಿದ ನಿಮ್ಮ ಕೋಆರ್ಡಿನೇಟರ್‌ರನ್ನು ಶಾಲೆಯಲ್ಲಿ ಇಟ್ಟುಕೊಂಡಿರುವುದು ವೈದ್ಯಲೋಕಕ್ಕೆ ನಷ್ಟ. ಅಂದಹಾಗೆ ಡಿಸ್‌ಗ್ರಾಫಿಯಾ ಬರವಣಿಗೆಯ ತೊಂದರೆ. ಅದನ್ನು ಓದಿಸಿ ಪರೀಕ್ಷಿಸುವುದು ಕಿವಿ ನೋವಿಗೆ ಮಂಡಿಯ ಎಕ್ಸ್‌ರೇ ತೆಗೆದಂತೆ.

ಕೊನೆಗೆ ಒಂದು ಮುಚ್ಚಳಿಕೆ ಮುಂದಿಟ್ಟರು: ‘ಫಲಿತಾಂಶಕ್ಕೆ ಶಾಲೆ ಹೊಣೆಯಲ್ಲ, ಅಗತ್ಯಬಿದ್ದರೆ ಸ್ವಂತ ಖರ್ಚಿನಲ್ಲಿ ಶ್ಯಾಡೋ ಟೀಚರ್ (ಕ್ಲಾಸಿನಲ್ಲಿ ಮಗುವಿನ ಪಕ್ಕವೇ ಇರುವ ಸಹಾಯಕ ಶಿಕ್ಷಕರು) ಇಡುತ್ತೇವೆ, ಇಲ್ಲವೇ ಟಿಸಿ ಪಡೆಯುತ್ತೇವೆ.’ ಮಗುವಿನ ಹೆಸರಿರಬೇಕಾದ ಜಾಗದಲ್ಲಿ ವೈಟ್‌ನರ್. ಬೆಳಕಿಗೆ ಹಿಡಿದರೆ ಕೆಳಗೆ ಇನ್ನೊಂದು ಮಗುವಿನ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ತಾಯಿ ಸಹಿ ಹಾಕಲಿಲ್ಲ. ಆ ಹಾಳೆ ನಮ್ಮಲ್ಲಿದೆ. ಆ ಇನ್ನೊಂದು ಮಗುವಿನ ಮನೆಯವರಿಗೂ ಅದನ್ನು ನೋಡುವ ಹಕ್ಕಿದೆ.

ಪತ್ರ ತಲುಪಿದ 15 ದಿನದಲ್ಲಿ ಆಗಬೇಕಾದದ್ದು: 11,400 ರೂಪಾಯಿ ವಾಪಸ್, ತಂದೆತಾಯಿ ಕೂತು ಬರೆಸಿದ ಹೊಸ ಐಇಪಿ, ಮುಂದಿನ ಪರೀಕ್ಷೆಯಿಂದಲೇ ಲಿಪಿಕಾರರು, ಪೂರ್ತಿ ಹೆಚ್ಚುವರಿ ಸಮಯ, ಬೇರೆ ಕೋಣೆ, ಮತ್ತು ಇವೆಲ್ಲ ಲಿಖಿತದಲ್ಲಿ, ಮುಂದಿನ ವರ್ಷ ಒಂಬತ್ತನೇ ತರಗತಿಯ ಸಿಬಿಎಸ್‌ಇ ನೋಂದಣಿಯಲ್ಲಿ ಮಗುವಿನ ವಿವರ ಸರಿಯಾಗಿ ದಾಖಲಿಸುವ ಭರವಸೆ. ಕ್ಷಮೆಯನ್ನು ಪಟ್ಟಿಗೆ ಸೇರಿಸಿಲ್ಲ. ಕೇಳಿ ಪಡೆದ ಕ್ಷಮೆಯಿಂದ ಆ ಹುಡುಗನಿಗೆ ಆಗಬೇಕಾದದ್ದೇನೂ ಇಲ್ಲ.

ಆಗದಿದ್ದರೆ ದೂರು ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ, ಪ್ರತಿ ಸಿಬಿಎಸ್‌ಇ ಪ್ರಾದೇಶಿಕ ಕಚೇರಿಗೆ. ಆಯುಕ್ತರಿಗೆ ಸಾಕ್ಷಿ ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅದೇ 2016ರ ಕಾಯ್ದೆಯ ಸೆಕ್ಷನ್ 89ರಲ್ಲಿ ಮೊದಲ ಉಲ್ಲಂಘನೆಗೆ 10,000ದವರೆಗೆ ದಂಡ, ಮರುಕಳಿಸಿದರೆ 50,000ದಿಂದ 5 ಲಕ್ಷ. ಸಾರ್ವಜನಿಕರ ಕಣ್ಣೆದುರು ಅಂಗವಿಕಲ ವ್ಯಕ್ತಿಯನ್ನು ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಸೆಕ್ಷನ್ 92ರಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಸಜೆ ಇದೆ. ಉದ್ದೇಶವಿತ್ತೋ ಇಲ್ಲವೋ ಎಂದು ನಿಮ್ಮ ಕೋಆರ್ಡಿನೇಟರ್ ಅಲ್ಲಿ ವಿವರಿಸಲಿ. ಕಣ್ಣಿದ್ದ ಸಾರ್ವಜನಿಕರು ಎಷ್ಟು ಜನ ಎಂಬುದು ನಿಮ್ಮ ರಿಸೆಪ್ಷನ್‌ನ ವಿಸಿಟರ್ ಬುಕ್ಕಿನಲ್ಲಿ 9.30ರಿಂದ 11.30ರ ನಡುವೆ ಸಹಿ ಸಮೇತ ಇದೆ. ಸಿಸಿಟಿವಿ ದೃಶ್ಯ ಅಳಿಸಬಾರದೆಂದು ಈ ಪತ್ರದ ಮೂಲಕವೇ ತಿಳಿಸಿದ್ದೇವೆ.

ಆ ನಾಲ್ಕನೇ ತರಗತಿ ರೀಡರನ್ನೂ ತೆಗೆದಿಡಿ. ವಿಚಾರಣೆಯ ದಿನ ಬೇಕಾಗುತ್ತದೆ.

ಇಂತಿ,
ಪೋಷಕರ ಪರವಾಗಿ

ಲಗತ್ತು: ಡೈರಿ ಪುಟಗಳ ಪ್ರತಿ, ಶುಲ್ಕದ ನಾಲ್ಕು ರಸೀದಿ, ಮೂರು ಅವಧಿಯ ಒಂದೇ ಐಇಪಿ, ಮುಚ್ಚಳಿಕೆಯ ಪ್ರತಿ (ವೈಟ್‌ನರ್ ಸಮೇತ ಮೂಲ ನಮ್ಮಲ್ಲಿದೆ, ಇನ್ನೊಂದು ಮಗುವಿನ ಹೆಸರನ್ನು ಪ್ರತಿಯಲ್ಲಿ ನಾವು ಪೂರ್ತಿ ಮರೆಮಾಡಿದ್ದೇವೆ).