ನೀವು ಕೊಟ್ಟ ಬಿಲ್ಡ್ ಪರಿಸರದಿಂದ ನೀವು ಕೊಟ್ಟ ಇಮೇಜ್ ಹುಟ್ಟುವುದಿಲ್ಲ: ಒಂದು ದೂರು

ಬೆಂಗಳೂರು
11 ಆಗಸ್ಟ್ 2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಬೆಂಬಲ ವಿಭಾಗ

ವಿಷಯ: ಆರ್ಮ್ ಪ್ರೊಸೆಸರಿನ ಬೋರ್ಡಿನ ಜೊತೆ ಒದಗಿಸಿದ ಕ್ರಾಸ್ ಕಂಪೈಲ್ (ಒಂದು ಬಗೆಯ ಯಂತ್ರದಲ್ಲಿ ಇನ್ನೊಂದು ಬಗೆಯ ಯಂತ್ರಕ್ಕೆ ಪ್ರೋಗ್ರಾಂ ತಯಾರಿಸುವ) ಪರಿಸರದ ದೋಷಗಳು ಮತ್ತು ಬೆಂಬಲ ಶುಲ್ಕ

ಮಾನ್ಯರೆ,

ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ತೂಕ ಮತ್ತು ಕೊಬ್ಬಿನಂಶವನ್ನು ದಾಖಲಿಸುವ ಯಂತ್ರಕ್ಕಾಗಿ ಕಳೆದ ನವೆಂಬರಿನಲ್ಲಿ ನಿಮ್ಮಿಂದ 200 ಬೋರ್ಡುಗಳನ್ನು ಕೊಂಡಿದ್ದೇವೆ. ಇದೇ ಬೆಲೆಗೆ ಬೋರ್ಡು ಬೇರೆಡೆಯೂ ಸಿಗುತ್ತಿತ್ತು. ನಿಮ್ಮನ್ನು ಆರಿಸಿದ್ದು ಕರಾರಿನ ಒಂದು ಮಾತಿಗಾಗಿ: ಬೋರ್ಡಿನ ಲಿನಕ್ಸ್ ಇಮೇಜನ್ನು (ಬೋರ್ಡಿಗೆ ತುಂಬುವ ಇಡೀ ತಂತ್ರಾಂಶವನ್ನು) ನಾವೇ ಕಟ್ಟಿಕೊಳ್ಳಲು, ಹೋಸ್ಟ್ ಯಂತ್ರದಿಂದ, ಅಂದರೆ ಬಿಲ್ಡ್ ನಡೆಸುವ ಕಂಪ್ಯೂಟರಿನಿಂದ, ಪೂರ್ತಿ ಬೇರ್ಪಟ್ಟ ಯೋಕ್ಟೋ 4.0 (ಇಂತಹ ಲಿನಕ್ಸ್ ಇಮೇಜ್ ಕಟ್ಟುವ ಸಾಧನ) ಪರಿಸರವನ್ನು ಡಾಕರ್ ಕಂಟೇನರಿನಲ್ಲಿ (ತನ್ನದೇ ಫೈಲುಗಳಿರುವ ಪ್ರತ್ಯೇಕ ಕೋಣೆಯಂತಹದರಲ್ಲಿ) ಕೊಡುತ್ತೇವೆ ಎಂದಿದ್ದಿರಿ. ಅದಕ್ಕೆಂದೇ ಪ್ರತ್ಯೇಕ ವಾರ್ಷಿಕ ಶುಲ್ಕವನ್ನೂ ಪಡೆದಿದ್ದೀರಿ.

ಆ ಪರಿಸರ ಬೇರ್ಪಟ್ಟಿಲ್ಲ. ಕಂಟೇನರನ್ನು ಹೇಗೆ ಕಟ್ಟಬೇಕೆಂದು ಹೇಳುವ ನಿಮ್ಮ ಡಾಕರ್‌ಫೈಲಿನ ಮೊದಲ ಸಾಲು ಉಬುಂಟು ಲಿನಕ್ಸಿನ 'ಲೇಟೆಸ್ಟ್' ಟ್ಯಾಗನ್ನು ಕರೆಯುತ್ತದೆ. ಆ ಟ್ಯಾಗ್ ನಿಂತಲ್ಲಿ ನಿಲ್ಲುವುದಲ್ಲ, ಹೊಸ ದೀರ್ಘಾವಧಿ ಆವೃತ್ತಿ ಬಂದಾಗ ಅದರ ಕಡೆಗೆ ಸರಿದುಬಿಡುತ್ತದೆ. ನಿಮ್ಮ ಇಂಜಿನಿಯರರ ಯಂತ್ರದಲ್ಲಿ ಎಂದೋ ಇಳಿಸಿಕೊಂಡ 22.04 ಇನ್ನೂ ಕುಳಿತಿರಬೇಕು. ನಮಗೆ ಬಂದದ್ದು 24.04, ಬಿಲ್ಡ್ ನಡುದಾರಿಯಲ್ಲೇ ನಿಂತಿತು. ಆ ಸಾಲನ್ನು ನಾವೇ ತಿದ್ದಿಕೊಂಡೆವು. ಕಂಟೇನರನ್ನು ಎಬ್ಬಿಸುವ ನಿಮ್ಮ ಸ್ಕ್ರಿಪ್ಟ್ ನೋಡಿದರೆ, ಅದು ಬಳಕೆದಾರನ ಇಡೀ ಹೋಮ್ ಡೈರೆಕ್ಟರಿಯನ್ನೇ ಒಳಗೆ ಮೌಂಟ್ ಮಾಡುತ್ತದೆ. ಗೋಡೆ ಕಟ್ಟಿಸಿ ಹಿತ್ತಲ ಬಾಗಿಲನ್ನು ತೆರೆದಿಟ್ಟರೆ ಅದಕ್ಕೆ ಪ್ರತ್ಯೇಕ ಪರಿಸರ ಎನ್ನಲಾಗದು.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಇಮೇಜ್ ಕೊನೆಗೂ ತಯಾರಾಯಿತು, ಬೋರ್ಡ್ ಬೂಟ್ ಆಯಿತು, ಆದರೆ 4ಜಿ ಮೋಡೆಮ್ ಏಳಲಿಲ್ಲ. ಅದನ್ನು ನಡೆಸುವ ನಿಮ್ಮದೇ ಪ್ರೋಗ್ರಾಮನ್ನು 'ಫೈಲ್' ಕಮಾಂಡಿನಿಂದ ಪರೀಕ್ಷಿಸಿದಾಗ, ಆರ್ಮ್ ಬೋರ್ಡಿನೊಳಗೆ ಸಾಮಾನ್ಯ ಪಿಸಿಗಳ ಎಕ್ಸ್86-64 ಬೈನರಿ (ಕಂಪೈಲ್ ಆದ ಪ್ರೋಗ್ರಾಂ) ಕುಳಿತಿತ್ತು. ಕಾರಣ ಹುಡುಕಲು ನಮ್ಮ ಇಬ್ಬರು ಇಂಜಿನಿಯರುಗಳಿಗೆ ನಾಲ್ಕು ದಿನ ಬೇಕಾಯಿತು, ಕಾರಣ ಮಾತ್ರ ಒಂದೇ ಪದದ್ದು. ಯೋಕ್ಟೋ ತಾನು ಸಿದ್ಧಪಡಿಸಿದ ಕ್ರಾಸ್ ಕಂಪೈಲರಿನ ಹೆಸರನ್ನು 'ಸಿಸಿ' ಎಂಬ ವೇರಿಯಬಲ್‌ನಲ್ಲಿ ಕೊಡುತ್ತದೆ. ನಿಮ್ಮ ಮೇಕ್‌ಫೈಲ್ (ಕಂಪೈಲ್ ಸೂಚನೆಗಳ ಫೈಲ್) ಅದನ್ನು ಕೇಳದೆ ನೇರವಾಗಿ 'ಜಿಸಿಸಿ' ಎಂದು ಬರೆದಿದೆ, ಕಂಟೇನರಿನೊಳಗಿನ ಪಿಸಿ ಕಂಪೈಲರ್ ಜಿಸಿಸಿ ವಿಧೇಯವಾಗಿ ಬಂದು ತನ್ನ ಜಾತಿಯ ಬೈನರಿಯನ್ನು ಮಾಡಿಕೊಟ್ಟಿದೆ.

ಇಂತಹ ತಪ್ಪು ಯಾರಿಂದಲೂ ಆದೀತು. ಅದಕ್ಕಾಗಿಯೇ ಪ್ಯಾಕೇಜ್ ಮಾಡುವಾಗ ಯೋಕ್ಟೋ ಪ್ರತಿ ಬೈನರಿಯ ಆರ್ಕಿಟೆಕ್ಚರನ್ನು ಪರಿಶೀಲಿಸಿ, ತಾಳೆಯಾಗದಿದ್ದರೆ ಬಿಲ್ಡನ್ನು ನಿಲ್ಲಿಸುತ್ತದೆ. ನಿಮ್ಮ ರೆಸಿಪಿಯಲ್ಲಿ (ಆ ಪ್ರೋಗ್ರಾಮನ್ನು ಹೇಗೆ ಕಟ್ಟಬೇಕೆಂದು ಯೋಕ್ಟೋಗೆ ಹೇಳುವ ಫೈಲಿನಲ್ಲಿ) 'ಇನ್ಸೇನ್ ಸ್ಕಿಪ್' ಸಾಲು ಬರೆದು, ಆ ಪರಿಶೀಲನೆಯನ್ನೇ ಬಂದ್ ಮಾಡಲಾಗಿದೆ. ಅಂದರೆ ನಿಮ್ಮಲ್ಲಿ ಯಾರಿಗೋ ಈ ದೋಷ ಕಣ್ಣಿಗೆ ಬಿದ್ದಿತ್ತು. ಕಳ್ಳ ಬಂದನೆಂದು ನಾಯಿ ಬೊಗಳಿದರೆ ನಾಯಿಯ ಬಾಯಿ ಕಟ್ಟಿದ್ದಾರೆ.

ಇದನ್ನು ತಿಳಿಸಿದಾಗ ನಿಮ್ಮ ಬೆಂಬಲ ತಂಡದಿಂದ ಮೂರು ಬಾರಿಯೂ ಒಂದೇ ಉತ್ತರ: "ನಮ್ಮ ಸಿದ್ಧ ಇಮೇಜಿನಲ್ಲಿ ಮೋಡೆಮ್ ಸರಿಯಾಗಿಯೇ ನಡೆಯುತ್ತಿದೆ." ನಿಜ, ನಡೆಯುತ್ತದೆ. ನೀವೇ ಕಟ್ಟಿ ಕೊಟ್ಟ ಆ ಇಮೇಜಿನಲ್ಲಿರುವುದು ಆರ್ಮ್ ಬೈನರಿ. ಹಾಗಾದರೆ ಅದು ಎಲ್ಲಿಂದ ಬಂತು? ಇದೇ ಪರಿಸರದ ಎಸ್‌ಡಿಕೆಯಿಂದ (ಪ್ರೋಗ್ರಾಂ ತಯಾರಿಸುವ ಸಾಧನಗಳ ಕಟ್ಟಿನಿಂದ) ಕಂಪೈಲ್ ಮಾಡಿದ ನಮ್ಮ ತೂಕದ ಪ್ರೋಗ್ರಾಮನ್ನು ನಿಮ್ಮ ಸಿದ್ಧ ಇಮೇಜಿನ ಮೇಲೆ ಓಡಿಸಿದೆವು. ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.34 ಸಿಗಲಿಲ್ಲ ಎಂದು ಅದು ನಿಂತಿತು. ಯೋಕ್ಟೋ 4.0 ಜೊತೆ ಬರುವುದು ಜಿಲಿಬ್‌ಸಿ 2.35. ನಿಮ್ಮ ಸಿದ್ಧ ಇಮೇಜಿನಲ್ಲಿರುವುದು 2.31, ಅದು ಯೋಕ್ಟೋ 3.1ರದ್ದು. 2020ರ ಏಪ್ರಿಲಿನಲ್ಲಿ ಬಂದ ಆ ಆವೃತ್ತಿಯ ಬೆಂಬಲ 2024ರ ಏಪ್ರಿಲಿನಲ್ಲೇ ಮುಗಿದಿದೆ. ನಮಗೆ ಮಾರಿದ್ದು ಒಂದು ಅಡುಗೆಮನೆ, ರುಚಿಗೆಂದು ಎಲೆಗೆ ಬಡಿಸಿದ್ದು ಇನ್ನೊಂದು ಅಡುಗೆಮನೆಯ ಸಾರು.

ಇದು ಬರೀ ಕರಾರಿನ ಮಾತಲ್ಲ. ಆ ಇಮೇಜಿನಲ್ಲಿರುವ ಲಿನಕ್ಸ್ ಕರ್ನೆಲ್ ಮತ್ತು ಬ್ಯುಸಿಬಾಕ್ಸ್ (ಮೂಲ ಕಮಾಂಡುಗಳ ಕಟ್ಟು) ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿಯಲ್ಲಿವೆ. ಅದರ 3ನೇ ವಿಭಾಗದ ಪ್ರಕಾರ ಸಂಪೂರ್ಣ ಸೋರ್ಸ್ ಕೋಡ್ ಎಂದರೆ ಕಂಪೈಲ್ ಮತ್ತು ಇನ್‌ಸ್ಟಾಲ್ ಮಾಡಲು ಬಳಸಿದ ಸ್ಕ್ರಿಪ್ಟ್‌ಗಳೂ ಸೇರುತ್ತವೆ. ನೀವು ಕೊಟ್ಟಿರುವ ಸ್ಕ್ರಿಪ್ಟ್‌ಗಳು ಆ ಇಮೇಜನ್ನು ಕಟ್ಟಿದವಲ್ಲ.

ಆದ್ದರಿಂದ ಈ ತಿಂಗಳ 31ರೊಳಗೆ ಸಿದ್ಧ ಇಮೇಜನ್ನು ಕಟ್ಟಿದ ನಿಜವಾದ ಲೇಯರುಗಳನ್ನು (ರೆಸಿಪಿಗಳ ಸಂಗ್ರಹಗಳನ್ನು) ಒದಗಿಸಬೇಕು. ಜೊತೆಗೆ ಯೋಕ್ಟೋ 4.0 ಪರಿಸರವನ್ನು ಸರಿಪಡಿಸಿ ಕೊಡಬೇಕು: ಮೂಲ ಕಂಟೇನರ್ ಟ್ಯಾಗಿನಿಂದಲ್ಲ, ಎಂದೂ ಬದಲಾಗದ ಗುರುತಾದ ಡೈಜೆಸ್ಟಿನಿಂದ ನಿಗದಿಯಾಗಿರಲಿ, ಹೋಮ್ ಡೈರೆಕ್ಟರಿ ಒಳಗೆ ಬರುವುದು ಬೇಡ, ಪ್ರತಿ ರೆಸಿಪಿಯಲ್ಲೂ ಪ್ರತಿಸಲ ಹೊಸ ಸೋರ್ಸನ್ನೇ ಎಳೆಯುವ 'ಆಟೋರೆವ್' ತೆಗೆದು ನಿರ್ದಿಷ್ಟ ಗಿಟ್ ಕಮಿಟ್ (ಸೋರ್ಸಿನ ಒಂದು ಖಚಿತ ಆವೃತ್ತಿಯ ಗುರುತು) ಬರೆಯಿರಿ, ಆ ಸ್ಕಿಪ್ ಸಾಲನ್ನು ಅಳಿಸಿ. ಕಳುಹಿಸುವ ಮುನ್ನ ನಿಮ್ಮ ಇಂಜಿನಿಯರರ ಲ್ಯಾಪ್‌ಟಾಪಿನಲ್ಲಲ್ಲ, ಇದುವರೆಗೆ ಯಾರೂ ಮುಟ್ಟದ ಹೊಸ ಯಂತ್ರದಲ್ಲಿ, ಸೋರ್ಸ್ ಇಳಿಸಿಕೊಂಡ ಮೇಲೆ ನೆಟ್‌ವರ್ಕ್ ಕಡಿದು ಒಮ್ಮೆ ಕಟ್ಟಿ ನೋಡಿ. ಆ ಬಿಲ್ಡಿನ ಲಾಗ್ ನಮಗೆ ಬೇಕು.

ಅಲ್ಲಿಯವರೆಗೆ ಬೆಂಬಲ ಶುಲ್ಕದ ಎರಡನೆಯ ಕಂತನ್ನು ತಡೆಹಿಡಿದಿದ್ದೇವೆ. ಗಡುವು ಮೀರಿದರೆ ಮೊದಲ ಕಂತನ್ನೂ ಹಿಂದಿರುಗಿಸಬೇಕಾಗುತ್ತದೆ. ನಮ್ಮ ಬಿಲ್ಡ್ ಲಾಗ್, ಎರಡೂ ಮೋಡೆಮ್ ಬೈನರಿಗಳು ಮತ್ತು ನಿಮ್ಮ ತಂಡದ ಮೂರು ಉತ್ತರಗಳನ್ನು ಲಗತ್ತಿಸಿದ್ದೇನೆ. ಉತ್ತರ ಬರೆಯುವವರು ದಯವಿಟ್ಟು ಅವನ್ನು ತೆರೆದು ನೋಡಿದ ಮೇಲೆ ಬರೆಯಲಿ.

ಇಂತಿ,
ಮುಖ್ಯಸ್ಥ, ಎಂಬೆಡೆಡ್ ತಂತ್ರಾಂಶ ವಿಭಾಗ
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು